ಒಂದೇ ನಂಬರ್, ನೂರು ಮನೆ: ಕಳ್ಳನ ಮನೆ ಯಾವುದು?

2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಹುಡುಗನನ್ನು ಹಿಡಿದುಕೊಂಡು ಹೋದರು. ಆರ್ಕುಟ್ ಎಂಬ ಜಾಲತಾಣದಲ್ಲಿ ಛತ್ರಪತಿ ಶಿವಾಜಿಗೆ ಅವಮಾನ ಮಾಡಿದ್ದಾನೆ ಅನ್ನೋದು ಆರೋಪ. ಹುಡುಗ 'ನಾನಲ್ಲ ಸ್ವಾಮಿ' ಅಂದ. ಯಾರು ಕೇಳಬೇಕು? ಪೊಲೀಸರ ಕೈಯಲ್ಲಿ ಸಾಕ್ಷಿ ಇತ್ತು. ಸಾಕ್ಷಿ ಅಂದರೆ ಒಂದು ನಂಬರ್. ಐಪಿ ಅಡ್ರೆಸ್. ಸುಮಾರು 50 ದಿನ ಜೈಲಿನಲ್ಲಿ ಕೊಳೆತ ಮೇಲೆ ಗೊತ್ತಾಯಿತು, ಆ ನಂಬರ್ ಅವನದಾಗಿರಲೇ ಇಲ್ಲ. ಇಂಟರ್‌ನೆಟ್ ಕಂಪನಿ ಪೊಲೀಸರಿಗೆ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು.

ಅದು ಬೆಂಗಳೂರಿನ ಕತೆ, ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರು ಒಂದು ಸಲ ತಲೆ ಎತ್ತಿ ವಿದ್ಯುತ್ ಕಂಬ ನೋಡಲಿ. ಜೇಡರ ಬಲೆ ಥರ ಕಪ್ಪು ವೈರು ಜೋತಾಡ್ತಾ ಇದೆ. ಪೇಟೆ ಬೀದಿ, ಎಪಿಎಂಸಿ ಯಾರ್ಡು, ಬಸ್‌ಸ್ಟ್ಯಾಂಡ್ ಲಾಡ್ಜು, ಹಾಲಿನ ಡೇರಿ, ಜೆರಾಕ್ಸ್ ಅಂಗಡಿ, ಎಲ್ಲಾ ಕಡೆ ಇಂಟರ್‌ನೆಟ್ ಬಂದಿದೆ. ಬಂದ ಕಡೆಯೆಲ್ಲ ಒಂದೊಂದು ನಂಬರೂ ಬಂದಿದೆ. ಈ ಅಂಕಣದಲ್ಲಿ ಮಾಮೂಲಾಗಿ ಚರಂಡಿ, ನಲ್ಲಿ, ಖಾತೆ ಬದಲಾವಣೆಯ ಗೋಳು ಬರುತ್ತೆ. ಈ ಸಲ ಕಣ್ಣಿಗೆ ಕಾಣದ ಬೀದಿಯ ಮನೆ ನಂಬರಿನ ವಿಚಾರ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೇ ಅರ್ಥವಾಗಿದೆ ಅಂದಮೇಲೆ ಓದುಗ ಮಹಾಶಯರಿಗೆ ಕಷ್ಟವಾಗಲಿಕ್ಕಿಲ್ಲ.

ಪಿನ್‌ಕೋಡಿನ ತಮ್ಮ

1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್‌ಕೋಡ್ ತಂದಿತು. ಆರು ಅಂಕಿ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಮೊದಲ ಮೂರು ಅಂಕಿ ನೋಡಿದರೆ ಕಾಗದ ಯಾವ ವಿಂಗಡಣೆ ಜಿಲ್ಲೆಗೆ ಹೋಗಬೇಕು ಅಂತ ಗೊತ್ತಾಗುತ್ತೆ. ಕೊನೆಯ ಮೂರು ಅಂಕಿ ಯಾವ ಅಂಚೆ ಕಚೇರಿ ಅಂತ ಹೇಳುತ್ತೆ. ದೆಹಲಿಯಲ್ಲಿ ಕಾಗದ ವಿಂಗಡಿಸುವವನಿಗೆ ನಮ್ಮೂರ ಬೀದಿ ಗೊತ್ತಿರಬೇಕಿಲ್ಲ. ಮುಂದಿನ ಅಂಕಿ ನೋಡಿ ಸರಿಯಾದ ಚೀಲಕ್ಕೆ ಎಸೆದರೆ ಅವನ ಕೆಲಸ ಮುಗೀತು.

ಐಪಿ ಅಡ್ರೆಸ್ಸೂ ಹೀಗೇ. ನಿಮ್ಮ ಮೊಬೈಲ್ ಕಳಿಸುವ ಪ್ರತಿ ಮಾತು, ಫೋಟೋ, ವಿಡಿಯೋ ಚೂರುಚೂರಾಗಿ ಹೋಗುತ್ತೆ. ಪ್ರತಿ ಚೂರಿನ ಮೇಲೂ ಕಳಿಸಿದವರ ನಂಬರ್, ಸೇರಬೇಕಾದವರ ನಂಬರ್, ಎರಡೂ ಇರುತ್ತೆ. ದಾರಿಯಲ್ಲಿ ರೂಟರ್ ಅನ್ನುವ ಪೆಟ್ಟಿಗೆಗಳು ಕೂತಿರುತ್ತವೆ. ಅವು ಅಂಚೆ ವಿಂಗಡಣೆಯವರಿದ್ದ ಹಾಗೆ. ನಂಬರಿನ ಮುಂದಿನ ಭಾಗ ನೋಡಿ ಮುಂದಿನ ಪೆಟ್ಟಿಗೆಗೆ ತಳ್ಳುತ್ತವೆ. ಅಷ್ಟೇ.

ಆ ನಂಬರ್ ನೋಡೋಕೆ 192.168.1.5 ಅಂತ ಇರುತ್ತೆ. ನಾಲ್ಕು ಸಂಖ್ಯೆ, ನಡುವೆ ಚುಕ್ಕಿ. ಒಂದೊಂದೂ 0ಯಿಂದ 255ರೊಳಗೇ ಇರಬೇಕು. ಸಿನಿಮಾದಲ್ಲಿ ಪತ್ತೇದಾರ 300 ಚುಕ್ಕಿ 412 ಅಂತ ಏನಾದರೂ ಓದಿದರೆ ಅದು ಬೊಗಳೆ ಅಂತ ತಿಳಿಯಿರಿ.

255ಕ್ಕೇ ಯಾಕೆ ನಿಂತಿತು? ಸಂತೆಯ ತಕ್ಕಡಿ ನೆನೆಸಿಕೊಳ್ಳಿ. ನಿಮ್ಮ ಹತ್ತಿರ 1, 2, 4, 8, 16, 32, 64, 128 ಹೀಗೆ ಎಂಟೇ ತೂಕದ ಕಲ್ಲು ಇದೆ. ಒಂದೊಂದನ್ನು ಇಡಬಹುದು, ಇಲ್ಲಾಂದ್ರೆ ಬಿಡಬಹುದು. ಯಾವುದನ್ನೂ ಇಡದಿದ್ದರೆ 0. ಎಂಟನ್ನೂ ಇಟ್ಟರೆ 255. ನಡುವಿನ ಯಾವ ತೂಕವನ್ನಾದರೂ ತೂಗಬಹುದು. 192 ಬೇಕಾ? 128ರ ಕಲ್ಲು, 64ರ ಕಲ್ಲು ಇಡಿ. 168 ಬೇಕಾ? 128, 32, 8. ಕಂಪ್ಯೂಟರಿಗೆ ಗೊತ್ತಿರೋದು ಇಷ್ಟೇ, ಕಲ್ಲು ಇದೆ ಅಥವಾ ಇಲ್ಲ. ಒಂದು ಕಲ್ಲಿಗೆ ಒಂದು ಬಿಟ್. ನಾಲ್ಕು ತಕ್ಕಡಿಗೆ ಎಂಟೆಂಟರಂತೆ 32 ಬಿಟ್.

ವಾರ್ಡು ಎಲ್ಲಿ ಮುಗಿಯುತ್ತೆ?

ಮನೆ ವಿಳಾಸದಲ್ಲಿ ವಾರ್ಡು ಬೇರೆ, ಬಾಗಿಲ ನಂಬರ್ ಬೇರೆ. ಐಪಿ ಅಡ್ರೆಸ್ಸಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಅಂಟಿಕೊಂಡಿರುತ್ತೆ. ವಾರ್ಡು ಎಲ್ಲಿಗೆ ಮುಗಿದು ಬಾಗಿಲು ಎಲ್ಲಿಂದ ಶುರು ಅಂತ ಹೇಳೋಕೆ ಇನ್ನೊಂದು ನಂಬರ್ ಇದೆ. 255.255.255.0. ಇದಕ್ಕೆ ಸಬ್‌ನೆಟ್ ಮಾಸ್ಕ್ ಅಂತಾರೆ. 255 ಇರುವಷ್ಟು ದೂರ ವಾರ್ಡು, 0 ಬಂದ ಕಡೆ ಬಾಗಿಲು. ಅಂದರೆ 192.168.1 ಅನ್ನೋದು ವಾರ್ಡು, ಕೊನೆಯ 5 ಬಾಗಿಲು. ಇದನ್ನೇ ಬಲ್ಲವರು ಚುಟುಕಾಗಿ ಗೀಟು ಹಾಕಿ '/24' ಅಂತ ಬರೀತಾರೆ. ಮೊದಲ 24 ಬಿಟ್ ವಾರ್ಡಿಗೆ ಸೇರಿದ್ದು ಅಂತ ಅರ್ಥ.

ಇಂಥ ವಾರ್ಡಿನಲ್ಲಿ 256 ನಂಬರ್ ಇದ್ದರೂ ಬಾಡಿಗೆಗೆ ಸಿಗೋದು 254. ಕೊನೆಗೆ 0 ಇರುವುದು ವಾರ್ಡಿನ ಸ್ವಂತ ಹೆಸರು. ಕೊನೆಗೆ 255 ಇರುವುದು ಡಂಗುರ. ಆ ನಂಬರಿಗೆ ಏನು ಹೇಳಿದರೂ ವಾರ್ಡಿನ ಎಲ್ಲರ ಕಿವಿಗೂ ಬೀಳುತ್ತೆ.

ನಿಮ್ಮ ಫೋನು ಏನಾದರೂ ಕಳಿಸುವಾಗ ಮೊದಲು ಮಾಸ್ಕ್ ಹಿಡಿದು ನೋಡುತ್ತೆ: ಇದು ನನ್ನದೇ ವಾರ್ಡಾ? ಹೌದಾದರೆ ನೇರ ಪಕ್ಕದ ಮನೆಗೆ ಕೊಟ್ಟು ಬರುತ್ತೆ. ಅಂಗಡಿಯ ಕಂಪ್ಯೂಟರಿನಿಂದ ಪ್ರಿಂಟರಿಗೆ ಕಾಗದ ಹೋಗೋದು ಹೀಗೆ. ಬೇರೆ ವಾರ್ಡಾದರೆ ಗೇಟ್‌ವೇ, ಅಂದರೆ ಊರ ಬಾಗಿಲಿಗೆ ಒಯ್ದು ಕೊಡುತ್ತೆ. ಮುಂದಿನದು ಅದರ ಪಾಡು. ಎಷ್ಟೋ ಅಂಗಡಿಗಳಲ್ಲಿ 'ಪ್ರಿಂಟರ್ ನೋಡ್ತಾ ಇಲ್ಲ ಸಾರ್' ಅಂತ ಗೋಳಾಡುತ್ತಾರಲ್ಲ, ಬಹಳ ಸಲ ಕಾರಣ ಇಷ್ಟೇ: ಕಂಪ್ಯೂಟರ್ ಒಂದು ವಾರ್ಡಿನಲ್ಲಿ, ಪ್ರಿಂಟರ್ ಇನ್ನೊಂದು ವಾರ್ಡಿನಲ್ಲಿ ಕೂತಿರುತ್ತೆ. ನಿಮ್ಮ ಯಂತ್ರದ ನಂಬರ್ 169.254 ಅಂತ ಶುರುವಾಗಿದ್ದರೆ ಇನ್ನೊಂದು ಕತೆ. ನಂಬರ್ ಹಂಚುವ ಯಜಮಾನ ಸಿಗಲಿಲ್ಲ, ಅನಾಥ ತಾನೇ ಒಂದು ಹೆಸರಿಟ್ಟುಕೊಂಡಿದೆ ಅಂತ ಲೆಕ್ಕ. ವೈರು ನೋಡಿ, ರೂಟರ್ ಆರಿಸಿ ಹಾಕಿ.

ಲಾಡ್ಜಿನ ರೂಮು

ನಂಬರ್ ಹಂಚುವ ಆ ಯಜಮಾನನಿಗೆ ಡಿಎಚ್‌ಸಿಪಿ ಅಂತ ಹೆಸರು. ಲಾಡ್ಜಿನ ಮ್ಯಾನೇಜರ್ ಇದ್ದ ಹಾಗೆ. ಬಂದವರಿಗೆ ಖಾಲಿ ಇರುವ ರೂಮು ಕೊಡ್ತಾನೆ, ಇಂತಿಷ್ಟು ಹೊತ್ತು ಅಂತ ಗಡುವು ಹಾಕ್ತಾನೆ, ಹೋದಮೇಲೆ ಅದೇ ರೂಮನ್ನು ಇನ್ನೊಬ್ಬರಿಗೆ ಕೊಡ್ತಾನೆ. ಇಂಟರ್‌ನೆಟ್ ಕಂಪನಿಗಳೂ ಮನೆಗಳಿಗೆ ಸಾಮಾನ್ಯವಾಗಿ ಕೊಡೋದು ಇಂಥ ಬಾಡಿಗೆ ನಂಬರನ್ನೇ. ಇವತ್ತು ನಿಮ್ಮ ಹತ್ತಿರ ಇದ್ದದ್ದು ನಾಳೆ ಪಕ್ಕದ ಬಡಾವಣೆಯವರ ಹತ್ತಿರ ಇರಬಹುದು.

ಈಗ ಯೋಚನೆ ಮಾಡಿ. ಲಾಡ್ಜಿನ 12ನೇ ರೂಮಿನಲ್ಲಿ ಕಳ್ಳಮಾಲು ಸಿಕ್ಕಿತು ಅಂದರೆ ಪೊಲೀಸರು ಏನು ಕೇಳಬೇಕು? ಯಾವ ದಿನ, ಎಷ್ಟು ಗಂಟೆ, ಆಗ ರಿಜಿಸ್ಟರಿನಲ್ಲಿ ಯಾರ ಹೆಸರಿತ್ತು? ಅದು ಬಿಟ್ಟು ಇವತ್ತು 12ನೇ ರೂಮಿನಲ್ಲಿ ಮಲಗಿರುವ ಪಾಪದವನನ್ನು ಎಳೆದುಕೊಂಡು ಹೋದರೆ? ಹೊತ್ತು ಗೊತ್ತಿಲ್ಲದ ಐಪಿ ನಂಬರ್ ಇಷ್ಟೇ ಬೆಲೆಯದ್ದು.

ಹೊತ್ತಿನಲ್ಲೂ ಒಂದು ಮೋಸ ಇದೆ. ಜಗತ್ತಿನ ಬಹುಪಾಲು ದೊಡ್ಡ ಕಂಪನಿಗಳ ದಾಖಲೆ ಇರೋದು ಅಂತರರಾಷ್ಟ್ರೀಯ ಗಡಿಯಾರದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅವರ ದಾಖಲೆಯಲ್ಲಿ ರಾತ್ರಿ 8 ಅಂತ ಇದ್ದರೆ ನಮ್ಮೂರಲ್ಲಿ ಮಾರನೇ ದಿನದ ಬೆಳಗಿನ ಜಾವ 1.30. ತಾರೀಕೇ ಬದಲು! ಈ ಐದೂವರೆ ಗಂಟೆ ಕೂಡಿಸೋದು ಒಬ್ಬ ಗುಮಾಸ್ತ ಮರೆತರೆ ಇನ್ಯಾರದೋ ಮನೆ ಬಾಗಿಲು ತಟ್ಟುತ್ತೆ.

ಜಹಗೀರುದಾರರ ಕತೆ

32 ಬಿಟ್‌ಗೆ ಒಟ್ಟು ಎಷ್ಟು ನಂಬರ್ ಆಗುತ್ತೆ? 256ನ್ನು ನಾಲ್ಕು ಸಲ ಗುಣಿಸಿ: 429 ಕೋಟಿ 49 ಲಕ್ಷ ಚಿಲ್ಲರೆ. ಈ ಪದ್ಧತಿಯ ನಿಯಮ ಅಚ್ಚಾದದ್ದು 1981ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಅರ್ಪಾನೆಟ್ ಜಾಲ 1983ರ ಜನವರಿ 1ರಂದು ಇದಕ್ಕೆ ಬದಲಾಯಿತು. ಆ ಕಾಲಕ್ಕೆ ಜಾಲದಲ್ಲಿದ್ದ ಕಂಪ್ಯೂಟರ್‌ಗಳು ಕೆಲವು ನೂರು. ಅಷ್ಟಕ್ಕೆ 429 ಕೋಟಿ ನಂಬರ್ ಅಂದರೆ ಸಮುದ್ರ ಇದ್ದ ಹಾಗೆ. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್, ಇದು ಬರೀ ಪ್ರಯೋಗ, ಇಷ್ಟು ಸಾಕು ಅಂತ 32 ಬಿಟ್‌ಗೆ ಒಪ್ಪಿದೆವು ಅನ್ನುವ ಅರ್ಥದಲ್ಲಿ ಆಮೇಲೆ ಹೇಳಿಕೊಂಡಿದ್ದಾರೆ. ಪ್ರಯೋಗವೇ ಮನೆಯ ಯಜಮಾನನಾಗಿ ಕೂತುಬಿಟ್ಟಿತು.

ಸಮುದ್ರ ಅಂತ ತಿಳಿದು ಮೊದಮೊದಲು ಹಂಚಿದ ರೀತಿ ಜಹಗೀರು ಹಂಚಿದ ಹಾಗೆ. ಮೊದಲ ಸಂಖ್ಯೆ ಒಂದನ್ನೇ ವಾರ್ಡಾಗಿ ಕೊಟ್ಟರೆ ಅದರೊಳಗೆ 1 ಕೋಟಿ 67 ಲಕ್ಷ ನಂಬರ್. 18ರಿಂದ ಶುರುವಾಗುವ ಅಷ್ಟೂ ನಂಬರ್ ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಗೆ. 17ರಿಂದ ಶುರುವಾಗುವುದೆಲ್ಲ ಆಪಲ್ ಕಂಪನಿಗೆ. ನಮ್ಮಲ್ಲಿ ಇಡೀ ಹೋಬಳಿ ಒಬ್ಬ ಇನಾಂದಾರನ ಹೆಸರಿನಲ್ಲಿರುತ್ತಿತ್ತಲ್ಲ, ಹಾಗೆ. ಉಳೋಕೆ ಆಗದಿದ್ದರೂ ಬೇಲಿ ಮಾತ್ರ ಅವರದು.

ಕರ್ನಾಟಕದಲ್ಲಿ 1974ರಲ್ಲಿ ಭೂಸುಧಾರಣೆ ಬಂತು. ಇಂಟರ್‌ನೆಟ್ಟಿನಲ್ಲಿ 1993ರಲ್ಲಿ ಬಂತು. ಇನ್ನುಮುಂದೆ ದೊಡ್ಡ, ಮಧ್ಯಮ, ಸಣ್ಣ ಅನ್ನುವ ಮೂರೇ ಅಳತೆಯ ಹಿಡುವಳಿ ಇಲ್ಲ, ಎಷ್ಟು ಬೇಕೋ ಅಷ್ಟೇ ಗೀಟು ಹಾಕಿ ಕೊಡೋದು ಅಂತ ನಿಯಮ ಆಯಿತು. ಆದರೆ ಈ ಸುಧಾರಣೆಯಲ್ಲಿ ಹಳೇ ಜಹಗೀರು ಮುಟ್ಟುಗೋಲಾಗಲಿಲ್ಲ. ಎಂಐಟಿಯವರು 2017ರಲ್ಲಿ, ನಮ್ಮ ಹತ್ತಿರ 1 ಕೋಟಿ 40 ಲಕ್ಷ ನಂಬರ್ ಬಳಸದೇ ಬಿದ್ದಿದೆ ಅಂತ ಒಪ್ಪಿಕೊಂಡರು. ಸುಮ್ಮನೆ ಹಿಂದಕ್ಕೆ ಕೊಟ್ಟರಾ? ಇಲ್ಲ, ಮಾರಾಟಕ್ಕಿಟ್ಟರು. ಅದಕ್ಕೂ ಮುಂಚೆ, 2011ರಲ್ಲಿ ದಿವಾಳಿಯೆದ್ದ ನಾರ್ಟೆಲ್ ಕಂಪನಿಯ 6,66,624 ನಂಬರುಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಕಣ್ಣಿಗೆ ಕಾಣದ ಸೈಟಿಗೂ ರೇಟು!

ಇತ್ತ ತಡವಾಗಿ ಬಂದ ದೇಶಗಳ ಗತಿ ಏನು? 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಉಗ್ರಾಣದ ಕೊನೆಯ ಐದು ಮೂಟೆಗಳನ್ನು ಐದು ಖಂಡ-ವಲಯಗಳಿಗೆ ಹಂಚಿ ಬಾಗಿಲು ಹಾಕಿದರು. ನಮ್ಮ ಏಷ್ಯಾ-ಪೆಸಿಫಿಕ್ ವಲಯದ ಎಪಿನಿಕ್ ಸಂಸ್ಥೆ ಅದೇ ವರ್ಷ ಏಪ್ರಿಲ್‌ನಿಂದಲೇ ರೇಷನ್ ಅಂಗಡಿ ಥರ ಚಿಟಿಕೆ ಚಿಟಿಕೆ ಕೊಡೋಕೆ ಶುರು ಮಾಡಿತು. ಜಿಯೋ ಬಂದು ಹಳ್ಳಿಹಳ್ಳಿಗೆ 4ಜಿ ಹಬ್ಬಿದ್ದು 2016ರಿಂದೀಚೆಗೆ. ಅಂದರೆ ನಮ್ಮವರು ಊಟಕ್ಕೆ ಕೂರುವ ಹೊತ್ತಿಗೆ ಎಲೆ ಖಾಲಿಯಾಗಿತ್ತು.

ವಾರ್ಡನ್ ಬರೆದ ರಿಜಿಸ್ಟರ್

ಹಾಗಾದರೆ ನಮ್ಮ ಮನೆಯಲ್ಲಿ ಎರಡು ಫೋನು, ಟಿವಿ, ಕ್ಯಾಮೆರಾ ಎಲ್ಲಾ ಹೇಗೆ ನಡೀತಿದೆ? ಉಪಾಯ ಇದೆ. ಕೆಲವು ನಂಬರುಗಳನ್ನು ಮನೆಯೊಳಗೆ ಮಾತ್ರ ಬಳಸಲು ಬಿಟ್ಟಿದ್ದಾರೆ: 10ರಿಂದ ಶುರುವಾಗುವುದೆಲ್ಲ, 172.16ರಿಂದ 172.31ರವರೆಗೆ, ಮತ್ತೆ 192.168. ಇವು ಯಾರಪ್ಪನ ಆಸ್ತಿಯೂ ಅಲ್ಲ. ನಿಮ್ಮ ಮನೆಯಲ್ಲೂ 192.168.1.5 ಇರಬಹುದು, ಎದುರು ಮನೆಯಲ್ಲೂ ಇರಬಹುದು, ಟೋಕಿಯೋದಲ್ಲೂ ಇರಬಹುದು. ಅಮ್ಮ, ಅಪ್ಪ ಅಂತ ಕರೆದ ಹಾಗೆ. ಮನೆಯೊಳಗೆ ಸರಿ, ಬಸ್‌ಸ್ಟ್ಯಾಂಡಿನಲ್ಲಿ 'ಅಮ್ಮಾ' ಅಂದರೆ ಹತ್ತು ಜನ ತಿರುಗಿ ನೋಡ್ತಾರೆ. ಅದಕ್ಕೇ ಈ ನಂಬರುಗಳು ಹೊರಗಿನ ಇಂಟರ್‌ನೆಟ್ಟಿನಲ್ಲಿ ಓಡಲ್ಲ.

ಹೊರಗೆ ಹೋಗುವಾಗ ಮನೆಯ ರೂಟರ್ ಹಾಸ್ಟೆಲ್ ವಾರ್ಡನ್ ಕೆಲಸ ಮಾಡುತ್ತೆ. ಹುಡುಗರು ಬರೆದ ಕಾಗದದ ಮೇಲಿನ ರೂಮ್ ನಂಬರ್ ಹೊಡೆದು ಹಾಸ್ಟೆಲ್ ವಿಳಾಸ ಹಾಕಿ ಕಳಿಸ್ತಾನೆ. ಯಾರದು ಯಾವ ಕಾಗದ ಅಂತ ಮರೆಯದಿರಲು ಪಕ್ಕದಲ್ಲಿ ಒಂದು ಟೋಕನ್ ನಂಬರ್ ಬರೆದು ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ತಾನೆ. ಉತ್ತರ ಬಂದಾಗ ಟೋಕನ್ ನೋಡಿ ಸರಿಯಾದ ಹುಡುಗನಿಗೆ ಕೊಡ್ತಾನೆ. ಈ ಟೋಕನ್ನಿಗೆ ಪೋರ್ಟ್ ನಂಬರ್ ಅಂತಾರೆ. ಒಟ್ಟು 65,536 ಇದೆ.

ಇಲ್ಲಿಯವರೆಗೆ ಸರಿ. ನಂಬರ್ ಸಾಲದೇ ಹೋದಾಗ ಇಂಟರ್‌ನೆಟ್ ಕಂಪನಿಗಳು ವಾರ್ಡನ್ ಮೇಲೆ ಇನ್ನೊಬ್ಬ ವಾರ್ಡನ್‌ನನ್ನು ಕೂರಿಸಿದವು. ನಿಮ್ಮ ಮನೆಗೆ ಬರೋದೂ ಒಳಗಿನ ನಂಬರೇ. ಬೀದಿಬೀದಿಗಳ ನೂರಾರು ಮನೆಗಳು ಸೇರಿ ಹೊರಜಗತ್ತಿಗೆ ಕಾಣೋದು ಒಂದೇ ನಂಬರಾಗಿ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ನಂಬರುಗಳನ್ನು ತೆಗೆದಿಟ್ಟರು. ನಿಮ್ಮ ರೂಟರಿನ ಹೊರಗಿನ ವಿಳಾಸ ಆ ನಡುವೆ ಇದ್ದರೆ ನೀವೂ ಆ ದೊಡ್ಡ ಹಾಸ್ಟೆಲ್ಲಿನ ವಾಸಿ.

ಅಲ್ಲೇ ಇರೋದು ಗಂಡಾಂತರ. ಆ ನೂರರಲ್ಲಿ ಒಬ್ಬ ಖದೀಮ ಯಾರಿಗೋ ಟೋಪಿ ಹಾಕಿದ ಅಂತಿಟ್ಟುಕೊಳ್ಳಿ. ಪೊಲೀಸರಿಗೆ ಸಿಗೋದು ಹಾಸ್ಟೆಲ್ ವಿಳಾಸ. ಟೋಕನ್ ನಂಬರ್ ಗೊತ್ತಿಲ್ಲ, ಹೊತ್ತು ಸರಿಯಿಲ್ಲ ಅಂದರೆ ಯಾವ ಹುಡುಗ ಅಂತ ವಾರ್ಡನ್ನೂ ಹೇಳಲಾರ. ಹೇಳಿದರೆ ಅದು ಊಹೆ. ಊಹೆಗೆ ಮೊಹರು ಬಿದ್ದರೆ ಸಾಕ್ಷಿ ಥರ ಕಾಣುತ್ತೆ.

ತೋಟದ ಮನೆಗೆ ಬಂದ ಶನಿ

ಇನ್ನೊಂದು ಭ್ರಮೆ ಇದೆ: ಐಪಿ ಅಡ್ರೆಸ್ ಹಾಕಿದರೆ ನಕ್ಷೆಯಲ್ಲಿ ಮನೆ ತೋರಿಸುತ್ತೆ ಅನ್ನೋದು. ಅಮೆರಿಕದ ಕಾನ್ಸಾಸ್ ರಾಜ್ಯದ ಪಾಟ್ವಿನ್ ಎಂಬ ಸಣ್ಣ ಊರಿನ ಹತ್ತಿರ ಒಂದು ತೋಟದ ಮನೆ. ವಯಸ್ಸಾದ ಹೆಂಗಸಿನ ಆಸ್ತಿ. ವರ್ಷಗಟ್ಟಲೆ ಆ ಮನೆಗೆ ಪೊಲೀಸರು, ಎಫ್‌ಬಿಐನವರು, ತೆರಿಗೆಯವರು, ಮೋಸಹೋದವರು ಬಂದು ಬಂದು ಹೋದರು. ಯಾರೋ ಒಡೆದ ಕಮೋಡು ತಂದು ಅಂಗಳದಲ್ಲಿಟ್ಟು ಹೋದರು. ಯಾಕೆ ಅಂತ ಆ ಮನೆಯವರಿಗೆ ತಿಳಿಯಲೇ ಇಲ್ಲ.

2016ರಲ್ಲಿ ಒಬ್ಬ ಪತ್ರಕರ್ತೆ ಗುಟ್ಟು ಬಿಡಿಸಿದರು. ನಂಬರ್ ಯಾವ ಊರಿನದು ಅಂತ ಪಟ್ಟಿ ಮಾಡಿ ಮಾರುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, 'ಅಮೆರಿಕ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ' ಅನ್ನುವ ನಂಬರುಗಳಿಗೆಲ್ಲ ದೇಶದ ನಟ್ಟನಡುವಿನ ಒಂದು ಬಿಂದು ಬರೆದುಕೊಂಡಿತ್ತು. ಆ ಬಿಂದು ಬಿದ್ದದ್ದು ಈ ತೋಟದಲ್ಲಿ. 60 ಕೋಟಿಗೂ ಹೆಚ್ಚು ನಂಬರುಗಳ ಪಾಪ ಒಂದೇ ಅಂಗಳಕ್ಕೆ! ಸುದ್ದಿಯಾದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸಾಗಿಸಿತು.

ಹೊಸ ಬಡಾವಣೆ

ಕೊರತೆಗೆ ಮದ್ದು ಇಲ್ಲವೇ? ಇದೆ. 1998ರಲ್ಲೇ ಹೊಸ ಪದ್ಧತಿಯ ನಿಯಮ ಬಂತು, ಐಪಿವಿ6. ಅದರಲ್ಲಿ 32ರ ಬದಲು 128 ಬಿಟ್. ಅಂಕಿಗಳ ಜೊತೆ ಎಯಿಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರ ಸೇರಿಸಿ ಎಂಟು ಗುಂಪಾಗಿ ಬರೀತಾರೆ. ಒಟ್ಟು ಎಷ್ಟು ಅಂದರೆ 340ರ ಮುಂದೆ 36 ಸೊನ್ನೆ. ಮನೆಮನೆಯ ಪ್ರತಿ ಬಲ್ಬಿಗೂ ಸ್ವಂತ ನಂಬರ್ ಕೊಟ್ಟರೂ ಮುಗಿಯಲ್ಲ. ಹಳೇ ಜಹಗೀರು ಸಿಗದ ಭಾರತ ಈ ಹೊಸ ಬಡಾವಣೆಗೆ ಬೇಗ ಗಂಟುಮೂಟೆ ಕಟ್ಟಿತು. ಇವತ್ತು ಇದನ್ನು ಹೆಚ್ಚು ಬಳಸುವ ದೇಶಗಳಲ್ಲಿ ನಮ್ಮದೂ ಮುಂದಿನ ಸಾಲಿನಲ್ಲಿದೆ. ಆದರೆ ಹಳೇ ಊರು ಖಾಲಿಯಾಗಿಲ್ಲ. ಎಷ್ಟೋ ಜಾಲತಾಣಗಳು, ಕ್ಯಾಮೆರಾಗಳು ಇನ್ನೂ ಹಳೇ ನಂಬರನ್ನೇ ನಂಬಿವೆ. ಅದುವರೆಗೂ ಒಂದೇ ನಂಬರಿನಲ್ಲಿ ನೂರು ಮನೆಯ ಸಂಸಾರ ತಪ್ಪಿದ್ದಲ್ಲ.

ಜನ ಮಾಡಬೇಕಾದ್ದು, ಠಾಣೆ ಮಾಡಬೇಕಾದ್ದು

ಮೊದಲು ಜನ. ಬಂದ ಗಿರಾಕಿಗೆಲ್ಲ ವೈಫೈ ಪಾಸ್‌ವರ್ಡ್ ಗೋಡೆ ಮೇಲೆ ಬರೆದಿಟ್ಟ ಹೋಟೆಲಿನವರೇ, ಅವನು ಮಾಡಿದ್ದೆಲ್ಲ ಹೊರಗೆ ಕಾಣೋದು ನಿಮ್ಮ ಸಂಪರ್ಕದ ಹೆಸರಿನಲ್ಲಿ. ಗಿರಾಕಿಗಳಿಗೆ ಬೇರೆ ವೈಫೈ ಇಡಿ, ಪಾಸ್‌ವರ್ಡ್ ಬದಲಿಸುತ್ತಿರಿ. ರೂಟರ್ ಕೊಂಡಾಗ ಬಂದ 'ಅಡ್ಮಿನ್, ಅಡ್ಮಿನ್' ಅನ್ನುವ ಬೀಗದ ಕೈ ಊರಿಗೆಲ್ಲ ಗೊತ್ತು. ಇವತ್ತೇ ಬದಲಿಸಿ.

'ನಿಮ್ಮ ಐಪಿ ಅಡ್ರೆಸ್‌ನಿಂದ ಅಪರಾಧ ಆಗಿದೆ, ವಿಡಿಯೋ ಕಾಲ್ ಕಟ್ ಮಾಡಬೇಡಿ, ದುಡ್ಡು ಕಳಿಸಿ' ಅಂತ ಯಾವನಾದರೂ ಫೋನಿನಲ್ಲಿ ಗದರಿಸಿದರೆ ಹೆದರಬೇಡಿ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ಕಾಲ್ ಕಟ್ ಮಾಡಿ, ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ನಿಮಗೆ ದುಡ್ಡಿನ ಮೋಸ ಆಗಿ ದೂರು ಕೊಡುವಾಗ ತಡ ಮಾಡಬೇಡಿ. ದಾಖಲೆಗಳನ್ನು 180 ದಿನ ಇಟ್ಟಿರಬೇಕು, ಗಡಿಯಾರಗಳು ಸರಕಾರಿ ಸಮಯಕ್ಕೆ ಹೊಂದಿರಬೇಕು ಅಂತ ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದೆ. ಆರು ತಿಂಗಳು ಕಳೆದ ಮೇಲೆ ಹೋದರೆ ರಿಜಿಸ್ಟರ್ ಹರಿದುಹೋಗಿರಬಹುದು.

ಇನ್ನು ಠಾಣೆ. ಜಿಲ್ಲೆಯ ಸೆನ್ ಠಾಣೆಯವರು ಕಂಪನಿಗೆ ಬರೆಯುವ ಪ್ರತಿ ಕಾಗದದಲ್ಲೂ ನಾಲ್ಕು ವಿಷಯ ಇರಲೇಬೇಕು: ನಂಬರ್, ತಾರೀಕು, ಸೆಕೆಂಡಿನವರೆಗೆ ಹೊತ್ತು ಮತ್ತು ಅದು ಯಾವ ಗಡಿಯಾರದ ಹೊತ್ತು ಅನ್ನೋದು, ಪೋರ್ಟ್. ಕಂಪನಿ ಕೊಟ್ಟ ಹೆಸರನ್ನು ಇನ್ನೊಂದು ಸಾಕ್ಷಿಯ ಜೊತೆ ತಾಳೆ ನೋಡದೆ ಯಾರ ಮನೆ ಬಾಗಿಲಿಗೂ ಜೀಪು ಹೋಗಬಾರದು. ನಂಬರ್ ಹೇಳೋದು ಸಂಪರ್ಕ ಯಾವುದು ಅಂತ ಮಾತ್ರ. ಆ ಹೊತ್ತಿನಲ್ಲಿ ಫೋನಿನ ಮುಂದೆ ಕೂತಿದ್ದವನು ಮಗನೋ, ಬಾಡಿಗೆಯವನೋ, ಗೋಡೆಯಾಚೆಯ ಪಾಸ್‌ವರ್ಡ್ ಕಳ್ಳನೋ, ಅದನ್ನು ಹುಡುಕೋಕೇ ಸರಕಾರ ಪೊಲೀಸರಿಗೆ ಸಂಬಳ ಕೊಡ್ತಾ ಇರೋದು.